ಓದಿ ಹೇಳುವ ತಂತ್ರಾಂಶ: ರಾಯಚೂರಿನ ಹತ್ತಿ ಕಾರ್ಖಾನೆಯಲ್ಲಿ ಎರಡು ಹಂಗಾಮು ಬಳಸಿದ ಮೇಲೆ

ರಾಯಚೂರಿನ ಜಿನ್ನಿಂಗ್ (ಹತ್ತಿಯಿಂದ ಬೀಜ ಬೇರ್ಪಡಿಸುವ) ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ದುಡಿಯುವ ನನಗೆ ಡಿಸ್ಲೆಕ್ಸಿಯಾ, ಅಂದರೆ ಓದು-ಬರಹವನ್ನು ತೊಡಕಾಗಿಸುವ ಕಲಿಕಾ ನ್ಯೂನತೆ ಇದೆ. ಮ ಮತ್ತು ಯ, ಪ ಮತ್ತು ಷ, ಥ ಮತ್ತು ಧ ಇಂದಿಗೂ ನನ್ನ ಕಣ್ಣಿಗೆ ಅದಲುಬದಲಾಗಿ ಕಾಣುತ್ತವೆ. ಅಂಕಿಗಳ ಪಾಡೂ ಅದೇ. ಪರದೆಯ ಮೇಲಿನ ಕನ್ನಡವನ್ನು ಓದಿ ಹೇಳುವ ಉಚಿತ ತಂತ್ರಾಂಶವನ್ನೂ ಹೊರಗಿನ ಸದ್ದು ತಗ್ಗಿಸುವ ಹೆಡ್‌ಫೋನನ್ನೂ ಎರಡು ಹಂಗಾಮು ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ತೂಕದ ಚೀಟಿಯಲ್ಲಿ 6,390 ಎಂದಿದ್ದುದನ್ನು ನಾನು 6,930 ಎಂದು ನಮೂದಿಸಿದರೆ ಹಿಂದೆಲ್ಲ ಅದು ಸಂಜೆ ಲೆಕ್ಕ ಕೂಡಿಸುವ ಹೊತ್ತಿಗೆ, ಅದೂ ಬೇರೊಬ್ಬರ ಕಣ್ಣಿಗೆ ಬೀಳುತ್ತಿತ್ತು. ಈಗ ಯಂತ್ರವು ‘ಆರು ಸಾವಿರದ ಒಂಬೈನೂರ ಮೂವತ್ತು’ ಎಂದ ಕೂಡಲೇ, ಚೀಟಿಯ ಮೇಲೆ ಬೆರಳಿಟ್ಟು ಕೂತ ನಾನೇ ತಪ್ಪನ್ನು ಹಿಡಿಯುತ್ತೇನೆ. ಲಾರಿಗಳ ನೋಂದಣಿ ಸಂಖ್ಯೆಯಲ್ಲಿ ಮಾತ್ರ ಎಚ್ಚರ ಬೇಕು: ‘ಕೆಎ 36’ರ ಮುಂದಿನ ಅಂಕಿಗಳನ್ನೂ ಅದು ಸಾವಿರ, ನೂರುಗಳಲ್ಲೇ ಓದುವುದರಿಂದ ಅಂಕಿ ಅಂಕಿಗೂ ನಡುವೆ ಜಾಗ ಬಿಟ್ಟು ಬರೆಯಬೇಕಾಗುತ್ತದೆ.

ನಿಜವಾದ ತೊಡಕು ತಂತ್ರಾಂಶದಲ್ಲಿಲ್ಲ, ನಮಗೆ ಬರುವ ಕಡತಗಳಲ್ಲಿದೆ. ಹಲವರು ಇನ್ನೂ ‘ನುಡಿ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶದ ಹಳೆಯ, ಯೂನಿಕೋಡ್ (ಎಲ್ಲ ಕಂಪ್ಯೂಟರುಗಳೂ ಒಂದೇ ರೀತಿ ಗುರುತಿಸುವ ಅಕ್ಷರಸಂಕೇತ) ಅಲ್ಲದ ಅಕ್ಷರಶೈಲಿಯಲ್ಲೇ ಪತ್ರ ಬರೆಯುತ್ತಾರೆ. ಅಂಥ ಕಡತ ಕಣ್ಣಿಗೆ ಅಚ್ಚ ಕನ್ನಡ. ಒಳಗಿರುವುದು ಮಾತ್ರ ರೋಮನ್ ಅಕ್ಷರ ಮತ್ತು ಚಿಹ್ನೆಗಳು. ‘ನ’ ಇರುವಲ್ಲೆಲ್ಲ ಪೌಂಡ್ ಚಿಹ್ನೆ ಅಡಗಿರುವುದರಿಂದ ಬಾಕಿ ಹಣದ ನೆನಪೋಲೆಯೊಂದು ನನ್ನ ಕಿವಿಗೆ ಲಂಡನ್ನಿನ ಲೇವಾದೇವಿಯಂತೆ ಕೇಳಿಸಿದ್ದುಂಟು. ಯೂನಿಕೋಡಿಗೆ ಪರಿವರ್ತಿಸಿದರೆ ಸರಿಹೋಗುತ್ತದೆ, ಆದರೆ ಆ ಕೆಲಸ ದಿನಾ ನನ್ನ ತಲೆಗೇ ಬರುತ್ತಿತ್ತು. ಆದ್ದರಿಂದ ನಾನು ಆಡಳಿತದಿಂದ ಕೇಳಿದ ಮುಖ್ಯ ಅನುಕೂಲವೆಂದರೆ, ಕಚೇರಿಯೊಳಗಿನ ಪತ್ರಗಳೆಲ್ಲ ಯೂನಿಕೋಡಿನಲ್ಲಿರಬೇಕು ಎಂಬುದು.

ಕೇಳಿ ಪಡೆಯಲು ಎರಡು ಅರ್ಜಿ ಬೇಕಾದವು. ಮೊದಲನೆಯದರಲ್ಲಿ ಎರಡು ಪುಟ ನನ್ನ ಸ್ಥಿತಿಯನ್ನೇ ವಿವರಿಸಿದ್ದೆ; ಅದು ಮೇಜಿನ ಖಾನೆ ಸೇರಿತು. ಎರಡನೆಯದು ಅರ್ಧ ಪುಟ: ಯಾವ ಕೆಲಸದಲ್ಲಿ ತಪ್ಪಾಗುತ್ತಿದೆ, ಏನು ಕೊಟ್ಟರೆ ಅದು ನಿಲ್ಲುತ್ತದೆ, ಖರ್ಚೆಷ್ಟು. ಹೆಡ್‌ಫೋನಿನ ಬೆಲೆಯ ಹೊರತು ಖರ್ಚೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯು ಗುರುತಿಸುವ 21 ವಿಧದ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ (ಡಿಸ್ಲೆಕ್ಸಿಯಾ ಇದರಲ್ಲೇ ಬರುತ್ತದೆ) ಆಟಿಸಮ್ಮೂ ಸೇರಿವೆ ಎಂಬುದನ್ನು, ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು ಎಂಬುದನ್ನು, 20 ಅಥವಾ ಹೆಚ್ಚು ನೌಕರರಿರುವ ಖಾಸಗಿ ಸಂಸ್ಥೆಗಳ ನೀತಿಯಲ್ಲಿ ಸಹಾಯಕ ಸಾಧನಗಳ ಏರ್ಪಾಡೂ ಸಂಪರ್ಕಾಧಿಕಾರಿಯ ನೇಮಕವೂ ಇರಬೇಕು ಎಂಬ 2017ರ ನಿಯಮವನ್ನು ಕೊನೆಯ ಮೂರು ಸಾಲಿನಲ್ಲಿ, ದೂರಿನ ದನಿಯಿಲ್ಲದೆ ಸೇರಿಸಿದ್ದೆ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಸುವ ಸ್ಥಿತಿ) ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಇಲ್ಲದಿರುವುದು ಖೇದದ ಸಂಗತಿ; ಅಂಥವರು ಕಾಯ್ದೆಗಿಂತ ಕೆಲಸದ ಕಾರಣವನ್ನೇ ಮುಂದಿಡುವುದು ಲೇಸು. ಮೀಸಲಾತಿಗೆ ಬೇಕಾದ ಶೇ 40ರಷ್ಟು ನ್ಯೂನತೆಯ ಪ್ರಮಾಣಪತ್ರವನ್ನು ನನ್ನಿಂದ ಯಾರೂ ಕೇಳಲಿಲ್ಲ.

ಕೊರತೆಗಳೂ ಇವೆ. ಸಹಜವಾಗಿ ಕೇಳಿಸುವ ಧ್ವನಿಗೆ ಇಂಟರ್‌ನೆಟ್ ಬೇಕು; ಕರೆಂಟ್ ಹೋದರೆ ಒರಟು ಧ್ವನಿಯೇ ಗತಿ. ಹೆಡ್‌ಫೋನ್ ಜಿನ್ನಿಂಗ್ ಯಂತ್ರದ ಗುಂಯ್ ಎನ್ನುವ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಪಕ್ಕದ ಮೇಜಿನ ಮಾತನ್ನು ಅಷ್ಟಾಗಿ ತಡೆಯುವುದಿಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲಿಗೆ ಅದರ ಮೆತ್ತೆ ಒಂದೇ ವರ್ಷದಲ್ಲಿ ಬೆವರಿನಿಂದ ಸುಲಿದುಹೋಯಿತು. ಈಗ ಹಳೆಯ ಬನಿಯನ್ನಿನ ತುಂಡು ಹೊಲಿಸಿ ತೊಡಿಸಿದ್ದೇನೆ, ವಾರಕ್ಕೊಮ್ಮೆ ಒಗೆದರೆ ಸಾಕು.