ಪೀಚ್ ತೋಟಕ್ಕೆ ಯೂರಿಯಾನಾ, ಕಾಂಪೋಸ್ಟಾ?

ಹಿಮಾಚಲದ ರಾಜ್‌ಗಢ ಕಡೆಯಂಥ ಇಳಿಜಾರಿನಲ್ಲಿ ಪೀಚ್ ಬೆಳೆಯುವವರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ನಾನಾದರೆ ಕಾಂಪೋಸ್ಟ್ ತಪ್ಪದೆ ಹಾಕುತ್ತೇನೆ, ಯೂರಿಯಾ ಮಾತ್ರ ಚಿಗುರು ನೋಡಿಕೊಂಡು.

ಲೆಕ್ಕ ನೋಡಿ. ಯೂರಿಯಾದಲ್ಲಿ ಸಾರಜನಕ 46%. 45 ಕೆಜಿ ಮೂಟೆಯಲ್ಲಿ ಸುಮಾರು 20 ಕೆಜಿ ಆಯಿತು. ಅಷ್ಟನ್ನೇ 1% ಸಾರಜನಕವಿರುವ ಕಾಂಪೋಸ್ಟಿನಿಂದ ಕೊಡಬೇಕೆಂದರೆ 2 ಟನ್ ಹೊರಬೇಕು. ಅದೂ ಗುಡ್ಡದ ಮೇಲೆ! ಮೊದಲ ವರ್ಷ ಗಿಡಕ್ಕೆ ಸಿಗುವುದು ಅದರಲ್ಲಿ ಸ್ವಲ್ಪವೇ.

ಹಾಗಂತ ಸುಮ್ನೆ ಯೂರಿಯಾ ಸುರಿಯಬೇಡಿ. ಜಾಸ್ತಿಯಾದರೆ ಚಿಗುರು ಒತ್ತೊತ್ತಾಗಿ ಎದ್ದು ಒಳಗಿನ ಕೊಂಬೆಗಳಿಗೆ ನೆರಳು ಕವಿಯುತ್ತದೆ. ಹಣ್ಣಿಗೆ ಕೆಂಪು ಸರಿಯಾಗಿ ಏರುವುದಿಲ್ಲ, ಮಾಗುವುದೂ ತಡ. ಪೀಚ್ ಹಣ್ಣು ಬಿಡುವುದು ಹಿಂದಿನ ವರ್ಷದ ಚಿಗುರಿನಲ್ಲಿ. ನೆರಳಿನಲ್ಲಿ ಅದು ಸೊರಗಿದರೆ ಮುಂದಿನ ಬೆಳೆಗೂ ಪೆಟ್ಟು ಅಲ್ವಾ? ಎಲೆ ಹಳದಿಯಾಗಿ, ಹೊಸ ಚಿಗುರು ಗೇಣುದ್ದವೂ ಬಾರದಿದ್ದರೆ ಯೂರಿಯಾ ಬೇಗ ಕೈಹಿಡಿಯುತ್ತದೆ. ವಸಂತದಲ್ಲಿ ಎರಡು ಕಂತಿನಲ್ಲಿ ಹಾಕಿ, ಕೂಡಲೇ ನೀರು ಕೊಡಿ.

ಕಾಂಪೋಸ್ಟಿನ ಲಾಭವೇ ಬೇರೆ. ಮರಳು ಮಣ್ಣೂ ನೀರು ಹಿಡಿದಿಟ್ಟುಕೊಳ್ಳುತ್ತದೆ. ಚಳಿಗಾಲದಲ್ಲಿ ಕಾಂಡದಿಂದ ಒಂದಡಿ ಬಿಟ್ಟು ಹರಡಿ. ಬುಡಕ್ಕೆ ಗುಡ್ಡೆ ಹಾಕಿದರೆ ತೊಗಟೆ ಕೊಳೆಯುತ್ತದೆ.