ತಾರಸಿಯಲ್ಲಿ ಡ್ರಾಬಾ, ಆಬ್ರಿಯೇಟಾ, ಕ್ಯಾಂಡಿಟಫ್ಟ್, ಅಲಿಸಮ್: ಎರಡು ಚಳಿಗಾಲ ಬೆಳೆಸಿ ನೋಡಿದ್ದು
ನಮ್ಮ ಫ್ರಿಜ್‌ನಲ್ಲಿ ದೋಸೆ ಹಿಟ್ಟಿನ ಪಾತ್ರೆ ಪಕ್ಕ ಒಂದು ಪುಟ್ಟ ಡಬ್ಬಿ ಆರು ವಾರ ಕೂತಿತ್ತು. ಒಳಗೆ ಒದ್ದೆ ಟಿಶ್ಯೂ, ಅದರ ಮೇಲೆ ರಾಗಿಗಿಂತ ಸಣ್ಣ ಕಂದು ಬೀಜ. ಅತ್ತೆ ಮುಚ್ಚಳ ತೆಗೆದು ನೋಡಿ, "ಇದೇನಮ್ಮಾ, ಸಾಸಿವೆ ಮೊಳಕೆ ಕಟ್ಟಿದೀಯಾ?" ಅಂದರು. ಪೂರ್ತಿ ತಪ್ಪೇನಲ್ಲ. ಅದು ಡ್ರಾಬಾ. ಸಾಸಿವೆ ಕುಟುಂಬದ್ದೇ, ಆದರೆ ಊರು ಆಲ್ಪ್ಸ್ ಬೆಟ್ಟ.

ಬಸವನಗುಡಿಯ ನಮ್ಮ ತಾರಸಿಯಲ್ಲಿ ಈ ಕುಟುಂಬದ ನಾಲ್ಕು ಹೂಗಿಡಗಳನ್ನು ಅಕ್ಕಪಕ್ಕ ಬೆಳೆಸಿದೆ: ಡ್ರಾಬಾ ಐಜಾಯಿಡೀಸ್, ಆಬ್ರಿಯೇಟಾ, ಕ್ಯಾಂಡಿಟಫ್ಟ್, ಅಲಿಸಮ್. ನಾಲ್ಕಕ್ಕೂ ಹೂವಿಗೆ ನಾಲ್ಕೇ ಎಸಳು, ಶಿಲುಬೆ ಥರ. ಮೂಲಂಗಿ ಹೂ ಬಿಟ್ಟಿದ್ದನ್ನು ನೋಡಿದ್ದರೆ ತಕ್ಷಣ ನೆಂಟಸ್ತಿಕೆ ಗೊತ್ತಾಗುತ್ತದೆ.

ಡ್ರಾಬಾ ಹುಚ್ಚು ಹಿಡಿಯೋಕೆ ಒಂದು ಕಾರಣ ಇತ್ತು. ಬೆಟ್ಟದ ಬಂಡೆ ಸಂದಿಯಲ್ಲಿ ಸಣ್ಣ ದಿಂಬಿನ ಹಾಗೆ ಹರಡುವ ಗಿಡ ಇದು. ಎಲೆ ಬಿರುಸು, ಅಂಚಿಗೆಲ್ಲ ಬಿಳಿ ಕೂದಲು. 5ರಿಂದ 10 ಸೆಂಟಿಮೀಟರ್ ದಂಟಿನ ಮೇಲೆ ಹಳದಿ ಹೂ. ಆದರೆ ವೇಲ್ಸ್ ದೇಶದ ದಕ್ಷಿಣಕ್ಕೆ, ಗವರ್ ಅನ್ನೋ ಕಡೆ, ಸಮುದ್ರದ ಅಂಚಿನ ಸುಣ್ಣಕಲ್ಲಿನ ಬಂಡೆಗಳ ಮೇಲೂ ಇದು ತಾನಾಗಿ ಬೆಳೆಯುತ್ತದೆ. ಸಮುದ್ರದ ಮಗ್ಗುಲಲ್ಲೇ ಬದುಕುವ ಗಿಡ 900 ಮೀಟರ್ ಎತ್ತರದ ಬೆಂಗಳೂರಲ್ಲಿ ಯಾಕೆ ಬದುಕಬಾರದು ಅಂತ ನನ್ನ ಲೆಕ್ಕ.

30 ಬೀಜದಲ್ಲಿ 11 ಮೊಳೆತವು. ಅರ್ಧ ಸಣ್ಣ ಜಲ್ಲಿ, ಉಳಿದದ್ದು ದಪ್ಪ ಮರಳು, ಮೇಲೆ ಒಂದು ಹಿಡಿ ಗೊಬ್ಬರ. ಫೆಬ್ರವರಿ ಹೊತ್ತಿಗೆ ಒಂದೊಂದೂ ರೂಪಾಯಿ ನಾಣ್ಯದಷ್ಟು ಅಗಲ ಆಗಿತ್ತು. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುತ್ತಿದ್ದೆ. ಏಪ್ರಿಲ್ ಬಿಸಿಲನ್ನು ಹೇಗೋ ತಡೆದುಕೊಂಡವು. ಮೇ ಮಳೆ ಬಂತು ನೋಡಿ, ಬಿಸಿಲೂ ಒದ್ದೆಯೂ ಒಟ್ಟಿಗೆ. ಹೊರಗಿನ ಎಲೆ ಹಸಿರಾಗೇ ಇತ್ತು, ನಡುವೆ ಮಾತ್ರ ಕಾಫಿಪುಡಿ ಬಣ್ಣ. ಬೆರಳಲ್ಲಿ ಮುಟ್ಟಿದರೆ ಗಿಡ ಹಾಗೇ ಕೈಗೆ ಬಂತು, ಕೆಳಗೆ ಬೇರೇ ಇಲ್ಲ. ಒಂದೇ ವಾರದಲ್ಲಿ ಹತ್ತು ಹೋದವು.

ಉಳಿದ ಒಂದು ನೀರಿನ ಟ್ಯಾಂಕ್ ಪಕ್ಕ, ಸೂರಿನ ಕೆಳಗೆ ಹಂಚಿನ ಚೂರುಗಳ ನಡುವೆ ಇತ್ತು. ಮುಂದಿನ ಚಳಿಗಾಲಕ್ಕೂ ಬಂತು. ಹೂ ಮಾತ್ರ ಇಲ್ಲ. ನನ್ನ ಲೆಕ್ಕ ತಪ್ಪಿದ್ದು ಇಲ್ಲೇ. ಎತ್ತರ ಅಲ್ಲ, ಚಳಿ ಮುಖ್ಯ. ಗವರ್‌ನಲ್ಲಿ ಬೆಟ್ಟ ಇಲ್ಲದಿದ್ದರೂ ತಿಂಗಳುಗಟ್ಟಲೆ ತಣ್ಣಗಿರುತ್ತದೆ. ನಮ್ಮಲ್ಲಿ ಜನವರಿ ರಾತ್ರಿ 15-16 ಡಿಗ್ರಿ ಅಂದರೆ ಸ್ವೆಟರ್ ಹುಡುಕುತ್ತೇವೆ. ಬೆಂಗಳೂರಿನ ದಾಖಲೆ ಚಳಿಯೇ 1884ರ ಜನವರಿ 13ರಂದು 7.8 ಡಿಗ್ರಿ. ಅದೂ ಒಂದು ರಾತ್ರಿ! ಬೀಜಕ್ಕಾದರೆ ಫ್ರಿಜ್‌ನಲ್ಲಿ ಚಳಿ ಕೊಟ್ಟೆ, ಗಿಡಕ್ಕೆ ಎಲ್ಲಿಂದ ತರೋದು?

ಆಬ್ರಿಯೇಟಾ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕ್ಲೋಡ್ ಆಬ್ರಿಯೇ ಅನ್ನೋ ಫ್ರೆಂಚ್ ಚಿತ್ರಕಾರನ ಹೆಸರಿನ ಗಿಡ, ಫೋಟೋದಲ್ಲಿ ನೇರಳೆ ಕಂಬಳಿ. ನನಗೆ ಕೊಟ್ಟಿದ್ದು ಬರೀ ಸೊಪ್ಪು ಮತ್ತು ಐದು ಹೂ. ಮಳೆಗೆ ಅದೂ ಕೊಳೆಯಿತು.

ಕ್ಯಾಂಡಿಟಫ್ಟ್ ಪರವಾಗಿಲ್ಲ. ಕ್ರೀಟ್ ದ್ವೀಪದ ಹಳೇ ಹೆಸರು ಕ್ಯಾಂಡಿಯಾ, ಅದರಿಂದ ಬಂದ ಹೆಸರಂತೆ, ಮಿಠಾಯಿಗೂ ಇದಕ್ಕೂ ಸಂಬಂಧ ಇಲ್ಲ. ಹತ್ತಿರದಿಂದ ನೋಡಿದರೆ ಮಜಾ ಇದೆ: ನಾಲ್ಕು ಎಸಳಲ್ಲಿ ಹೊರಗಿನ ಎರಡು ದೊಡ್ಡವು, ಒಳಗಿನ ಎರಡು ಗಿಡ್ಡ. ಹಾಗಾಗಿ ಇಡೀ ಗೊಂಚಲು ಒಂದೇ ದೊಡ್ಡ ಹೂವಿನಂತೆ ಕಾಣುತ್ತದೆ. ಅಕ್ಟೋಬರ್‌ನಲ್ಲಿ ನೇರವಾಗಿ ಕುಂಡಕ್ಕೇ ಬಿತ್ತಿ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಮೊದಲ ವರ್ಷ ಒಂದು ನರ್ಸರಿಯವರು "ಮೇಡಂ, ವರ್ಷಾನುಗಟ್ಟಲೆ ಇರತ್ತೆ" ಅಂತ ಸಸಿ ಕೊಟ್ಟಿದ್ದರು. ಮಾರ್ಚ್‌ಗೆ ಒಣಗಿತು. ಅದು ಒಂದೇ ಋತುವಿನ ಜಾತಿ. ಗಿಡಹೇನು ಕಾಟ ಕೂಡ ಇದಕ್ಕೇ ಜಾಸ್ತಿ. ಬೇವಿನೆಣ್ಣೆ ಹೊಡೆದು ಹೊಡೆದು ಸಾಕಾಯಿತು.

ಬೆಂಗಳೂರಿನವರು ಯಾವುದು ಹಾಕಬೇಕು ಅಂತ ಕೇಳಿದರೆ ಕಣ್ಣು ಮುಚ್ಚಿಕೊಂಡು ಅಲಿಸಮ್ ಅನ್ನುತ್ತೇನೆ. ಇದು ಬೆಟ್ಟದ್ದಲ್ಲ, ಮೆಡಿಟರೇನಿಯನ್ ಕರಾವಳಿಯದು. ಬೀಜವನ್ನು ಮಣ್ಣಿನ ಮೇಲೆ ಸುಮ್ನೆ ಉದುರಿಸಬೇಕು, ಮುಚ್ಚೋದು ಬೇಡ. ವಾರದಲ್ಲಿ ಮೊಳಕೆ, ಎರಡು ತಿಂಗಳೊಳಗೆ ಹೂ. ಲಾಲ್‌ಬಾಗ್‌ನಲ್ಲಿ ಜನವರಿಯ ಫಲಪುಷ್ಪ ಪ್ರದರ್ಶನ ನೋಡಿಕೊಂಡು ಬರುವ ಹೊತ್ತಿಗೆ ನಮ್ಮ ಬುಟ್ಟಿ ತುಂಬ ಬಿಳಿ ನೊರೆ ಉಕ್ಕಿದ ಹಾಗಿತ್ತು. ಬಿಸಿಲೇರಿದರೆ ಜೇನುತುಪ್ಪದ ವಾಸನೆ. ಹೂ ಸೊರಗಿದಾಗ ಕತ್ತರಿಯಲ್ಲಿ ಅರ್ಧ ಕತ್ತರಿಸಿದೆ, ಮೂರು ವಾರಕ್ಕೆ ಮತ್ತೆ ಬಂತು. ಮೇಗೆ ಮುಗಿದರೂ ತಾರಸಿಯ ಬಿರುಕಲ್ಲಿ ತಾನೇ ಹುಟ್ಟಿಕೊಳ್ಳುತ್ತದೆ.

ಆದರೂ ಬೆಳಿಗ್ಗೆ ಕಾಫಿ ಹಿಡಿದು ಕೂರುವುದು ಆ ಒಂಟಿ ಡ್ರಾಬಾ ಮುಂದೆಯೇ. ಈ ಸಲ ಕುಂಡವನ್ನೇ ಫ್ರಿಜ್‌ನಲ್ಲಿ ಇಟ್ಟರೆ ಹೇಗೆ ಅಂತ ತಲೆಗೆ ಬಂದಿದೆ. ಇದರ ನೆಂಟ ಅರಾಬಿಸ್ ಆಲ್ಪೈನಾಗೆ ಲ್ಯಾಬ್‌ಗಳಲ್ಲಿ 4 ಡಿಗ್ರಿಯಲ್ಲಿ ಸುಮಾರು 12 ವಾರ ಚಳಿ ಕೊಟ್ಟು ಹೂ ಬಿಡಿಸುತ್ತಾರೆ. ಒಳಗೆ ಬೆಳಕಿಗೆ ಏನು ಮಾಡೋದು ಅಂತ ಇನ್ನೂ ಹೊಳೆದಿಲ್ಲ. ಅಳುಕುತ್ತಲೇ ಅತ್ತೆಗೆ ಹೇಳಿದೆ. ಅವರು ತರಕಾರಿ ಡ್ರಾಯರ್ ಎಳೆದು, ಮೂಲಂಗಿ ಕಟ್ಟನ್ನು ಒಂದು ಪಕ್ಕಕ್ಕೆ ಸರಿಸಿ, "ಇಷ್ಟು ಜಾಗ ಸಾಕಾ?" ಅಂದರು.