ಆನ್‌ಲೈನ್ ಪಾಠ ಮಾಡೋಕೆ ಮೂರು ದಾರಿ ನೋಡಿದೆ, ಎಚ್‌5ಪಿಯಲ್ಲೇ ಉಳಿದೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಎಚ್‌5ಪಿಗೆ, ಅಂದರೆ ವಿಡಿಯೊ, ಪ್ರಶ್ನೆ ಎಲ್ಲ ಸೇರಿಸಿ ಪಾಠ ಮಾಡುವ ಪುಕ್ಕಟೆ ಸಾಧನಕ್ಕೆ. ಒಂದು ವರ್ಷದ ಚಂದಾ ಕಟ್ಟಿ ದೊಡ್ಡ ಸಾಫ್ಟ್‌ವೇರ್ ಒಂದನ್ನು ತಗೊಂಡೆ. ಅದರಲ್ಲಿ ಭಿನ್ನರಾಶಿಯ ಕೋರ್ಸ್ ಮಾಡಿದೆ, ಕೊನೆಗೆ ಬಿಟ್ಟು ಬಂದೆ. ಅದಕ್ಕೂ ಮೊದಲು ಓಬಿಎಸ್ ಅನ್ನೋ, ಪರದೆ ರೆಕಾರ್ಡ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಸ್ಲೈಡ್ ತೋರಿಸುತ್ತಾ ಮಾತಾಡಿ ರೆಕಾರ್ಡ್ ಮಾಡುತ್ತಿದ್ದೆ. ಮೂರರಲ್ಲೂ ಮಾಡಿದ್ದು ಅದೇ ಪಾಠ.

ಓಬಿಎಸ್ ಪುಕ್ಕಟೆ, ಕಲಿಯೋದೂ ಸುಲಭ. ಆದರೆ ನೋಡುವವರು ಸುಮ್ನೆ ನೋಡುತ್ತಾರೆ ಅಷ್ಟೇ. ನನ್ನ ವಿಡಿಯೊ 38 ನಿಮಿಷ ಇತ್ತು. ಎಡ್‌ಎಕ್ಸ್ ಅನ್ನೋ ಆನ್‌ಲೈನ್ ಕಲಿಕೆಯ ತಾಣದ ಕೋರ್ಸ್‌ಗಳ 69 ಲಕ್ಷ ವೀಕ್ಷಣೆಗಳನ್ನು ಲೆಕ್ಕ ಹಾಕಿದ 2014ರ ಅಧ್ಯಯನ ಒಂದಿದೆ: ವಿಡಿಯೊ ಎಷ್ಟೇ ಉದ್ದ ಇರಲಿ, ಕನಿಷ್ಠ ಅರ್ಧದಷ್ಟು ವೀಕ್ಷಣೆಗಳು 6 ನಿಮಿಷದೊಳಗೇ ಮುಗಿದಿದ್ದವು. ಅದನ್ನು ಓದಿದ ಮೇಲೆ 38 ನಿಮಿಷದ ಫೈಲ್ ನೋಡೋಕೇ ಮನಸ್ಸಾಗಲಿಲ್ಲ.

ಹಾಗಾಗಿ ದುಡ್ಡು ಕೊಟ್ಟೆ. ಆ ಸಾಫ್ಟ್‌ವೇರ್ ಚೆನ್ನಾಗಿಯೇ ಇತ್ತು: ಅನಿಮೇಷನ್, ಎಳೆದು ಬಿಡುವ ಪ್ರಶ್ನೆ, ಎಲ್ಲವೂ. 60 ಸ್ಲೈಡ್ ಮಾಡಿ ಸ್ಕಾರ್ಮ್ 1.2 (ಪಾಠ ಮತ್ತು ಎಲ್‌ಎಂಎಸ್ ಮಾತಾಡಿಕೊಳ್ಳುವ ಒಂದು ಮಾನಕ) ಪ್ಯಾಕೇಜ್ ಆಗಿ ಎಲ್‌ಎಂಎಸ್‌ಗೆ, ಅಂದರೆ ಕಲಿಯುವವರು ಲಾಗಿನ್ ಆಗಿ ಪಾಠ ನೋಡುವ ವ್ಯವಸ್ಥೆಗೆ ಹಾಕಿದೆ. ಎರಡೇ ದಿನಕ್ಕೆ ದೂರು ಶುರು. 'ನಿನ್ನೆ 45ನೇ ಸ್ಲೈಡ್‌ನಲ್ಲಿ ನಿಲ್ಲಿಸಿದ್ದೆ, ಇವತ್ತು ತೆಗೆದರೆ ಹಿಂದೆಲ್ಲೋ ಇದೆ, ಬರೆದ ಉತ್ತರಗಳೂ ಇಲ್ಲ.' ನಾನು ಬ್ರೌಸರ್ ಬದಲಿಸಿ ನೋಡಿದೆ, ಮತ್ತೆ ಪಬ್ಲಿಷ್ ಮಾಡಿದೆ, ಒಂದು ಇಡೀ ರಜಾದಿನ ಇದರಲ್ಲೇ ಹೋಯಿತು.

ಕಾರಣ ಕೊನೆಗೆ ಗೊತ್ತಾಯಿತು. ಕಲಿಯುವವರು ಎಲ್ಲಿ ನಿಲ್ಲಿಸಿದರು, ಏನು ಉತ್ತರ ಕೊಟ್ಟರು ಅನ್ನೋದನ್ನು ಪಾಠ ಒಂದೇ ಸಾಲಾಗಿ ಎಲ್‌ಎಂಎಸ್‌ಗೆ ಕಳಿಸುತ್ತದೆ. ಸ್ಕಾರ್ಮ್ 1.2ರಲ್ಲಿ ಆ ಸಾಲಿಗೆ 4096 ಅಕ್ಷರದ ಮಿತಿ. ಸ್ಲೈಡ್ ಜಾಸ್ತಿ, ಪ್ರಶ್ನೆ ಜಾಸ್ತಿ ಆದರೆ ಸಾಲು ಉದ್ದವಾಗುತ್ತದೆ, ಮಿತಿ ದಾಟಿದ್ದು ಉಳಿಯೋದೇ ಇಲ್ಲ. ಸ್ಕಾರ್ಮ್ 2004ರ ಮೂರನೇ ಆವೃತ್ತಿಯಲ್ಲಿ 64,000 ಅಕ್ಷರ ಹಿಡಿಸುತ್ತದೆ, ಆದರೆ ನಾನು ಬಳಸುವ ಎಲ್‌ಎಂಎಸ್ 1.2 ಮಾತ್ರ ಒಪ್ಪುತ್ತದೆ. ಕಷ್ಟಪಟ್ಟು ಮುಕ್ಕಾಲು ಪಾಠ ಮುಗಿಸಿದವರಿಗೇ ಹೀಗಾದರೆ ಅವರು ಮತ್ತೆ ಬರುತ್ತಾರಾ? ನನಗೆ ನಿಜವಾಗಲೂ ಬೇಜಾರಾಯಿತು.

ಎಚ್‌5ಪಿಗೆ ಬಂದ ಮೇಲೆ ಪಾಠವನ್ನೇ ಒಡೆದೆ. ಒಂದೊಂದು ತುಂಡು 5 ನಿಮಿಷ, ಒಂದೇ ಸಲಕ್ಕೆ ಮುಗಿಯುತ್ತದೆ, ಎಲ್ಲಿ ನಿಲ್ಲಿಸಿದೆ ಅನ್ನೋ ಪ್ರಶ್ನೆಯೇ ಬರೋದಿಲ್ಲ. (ದುಡ್ಡು ಕೊಟ್ಟ ಸಾಫ್ಟ್‌ವೇರ್‌ನಲ್ಲೂ ಒಡೆಯಬಹುದಿತ್ತು, ನಿಜ. ಆದರೆ ಅಷ್ಟು ಹೊತ್ತಿಗೆ ಚಂದಾ ಮುಗಿಯುವುದರಲ್ಲಿತ್ತು, ಮುಗಿದರೆ ಮೂಲ ಫೈಲ್ ತೆಗೆಯೋಕೇ ಆಗಲ್ಲ.)

ಎಚ್‌5ಪಿಯಲ್ಲಿ ನನಗೆ ತುಂಬಾ ಇಷ್ಟವಾದದ್ದು ಇಂಟರ್ಯಾಕ್ಟಿವ್ ವಿಡಿಯೊ. 1/2 + 1/3 ಎಷ್ಟು ಅಂತ ವಿಡಿಯೊ ನಿಂತು ಕೇಳುತ್ತದೆ. ಆಯ್ಕೆಗಳಲ್ಲಿ 2/5 ಇಟ್ಟಿದ್ದೇನೆ, ಯಾಕಂದ್ರೆ ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿಸುವ ತಪ್ಪು ತುಂಬಾ ಜನ ಮಾಡುತ್ತಾರೆ. ಅದನ್ನು ಒತ್ತಿದರೆ, 'ಅರ್ಧಕ್ಕೆ ಇನ್ನೂ ಸೇರಿಸಿದ ಮೇಲೂ ಉತ್ತರ ಅರ್ಧಕ್ಕಿಂತ ಕಡಿಮೆ ಬಂತಲ್ಲ, ಹೇಗೆ?' ಅಂತ ಕಾಣಿಸುತ್ತದೆ. ಆಮೇಲೆ ವಿಡಿಯೊ ಹಿಂದಕ್ಕೆ ಹೋಗಿ, ಕಾಗದದ ಪಟ್ಟಿಯನ್ನು ಆರು ಭಾಗ ಮಾಡಿ ತೋರಿಸುವ ಜಾಗದಿಂದ ಶುರುವಾಗುತ್ತದೆ. ಸುಮ್ನೆ 'ತಪ್ಪು' ಅನ್ನೋದಕ್ಕಿಂತ ಇದು ಎಷ್ಟೋ ಮೇಲು, ಅಲ್ವಾ?

ಕೊರತೆ ಇಲ್ಲ ಅಂತಲ್ಲ. ನೋಡೋಕೆ ಸಾದಾ. ಫೋನಿನಲ್ಲಿ ಪ್ರಶ್ನೆಗಳು ಇಕ್ಕಟ್ಟಾಗಿ ಕಾಣುತ್ತವೆ.

ನಾನು ಒಬ್ಬನೇ, ರಾತ್ರಿ ಒಂದು ಗಂಟೆ ಕೂತು ಕೆಲಸ ಮಾಡುವವನು, ವಾರವಾರ ಏನಾದರೂ ತಿದ್ದುತ್ತಲೇ ಇರುತ್ತೇನೆ. ಲೂಮಿ ಅನ್ನೋ ಪುಕ್ಕಟೆ ಆ್ಯಪ್‌ನಲ್ಲಿ ಎಚ್‌5ಪಿ ಫೈಲ್ ತೆಗೆದು ತಿದ್ದಿ ಮತ್ತೆ ಹಾಕಿದರೆ ಮುಗೀತು. ನಿಮ್ಮ ಜೊತೆ ಡಿಸೈನರ್ ಇದ್ದು, ಎಲ್‌ಎಂಎಸ್ ಸ್ಕಾರ್ಮ್ 2004 ಒಪ್ಪಿದರೆ, ಚಂದಾ ಕಟ್ಟಿ, ತಪ್ಪೇನಿಲ್ಲ. ನನ್ನ 38 ನಿಮಿಷ ಈಗ 7 ತುಂಡಾಗಿದೆ. ಮೂರನೆಯದರ ಪ್ರಶ್ನೆ ಇನ್ನೂ ಸರಿ ಬಂದಿಲ್ಲ, ಈ ವಾರ ಅದನ್ನು ಬದಲಿಸಬೇಕು.